ಹನ್ನೊಂದರಿಂದ ಶುರುವಾದ ಪುಸ್ತಕಮಾಲೆ

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ. ಒಂದು ಪುಸ್ತಕಮಾಲೆ ಇದೆ. ಇಂಗ್ಲಿಷಿನಲ್ಲಿ ಬಂದ ಅದರ ಮೊದಲ ಪುಸ್ತಕ 'ಕೃಷ್ಣ'. ಅದರ ನಂಬರು 11. ಆಮೇಲೆ ಬಂದ 'ಶಕುಂತಲಾ' ಪುಸ್ತಕದ್ದು 12, ಪಾಂಡವ ರಾಜಕುಮಾರರ ಕತೆಯದ್ದು 13. ಹಾಗಾದರೆ 1ರಿಂದ 10ರವರೆಗಿನ ಪುಸ್ತಕಗಳು ಎಲ್ಲಿ ಹೋದವು?

ಮಾಲೆಯ ಹೆಸರು ನಿಮ್ಮ ಅಪ್ಪ-ಅವ್ವನಿಗೆ, ಅಜ್ಜ-ಅಜ್ಜಿಗೆ ಗೊತ್ತೇ ಇರುತ್ತದೆ: ಅಮರ ಚಿತ್ರ ಕಥೆ. ಆಮೇಲಿನ ಮುದ್ರಣಗಳಲ್ಲಿ ನಂಬರುಗಳು ಬದಲಾದವು, ಅದಕ್ಕೇ ಈಗಿನ ಪ್ರತಿ ತೆಗೆದು ನೋಡಿದರೆ ಈ ಲೆಕ್ಕ ಸಿಗುವುದಿಲ್ಲ. ಹಳೆಯ ಪ್ರತಿ ಬೇಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗಾದವನಿಗೆ ಇಂಥ ಜಾಗದಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ. ಚೆಕ್ ಪುಸ್ತಕದ ಮೊದಲ ಹತ್ತು ಹಾಳೆ ಕಾಣಿಸದಿದ್ದರೆ ನಾವು ಆ ದಿನ ಮನೆಗೆ ಹೋಗುತ್ತಿರಲಿಲ್ಲ. ಹುಡುಕಲೇಬೇಕು. ಯಾರಿಗೆ ಕೊಟ್ಟದ್ದು, ಯಾವಾಗ ಕೊಟ್ಟದ್ದು, ಎಲ್ಲಿ ಜಮಾ ಆಯಿತು ಎಂದು ತಿಳಿಯುವ ತನಕ ಮ್ಯಾನೇಜರರೂ ಏಳರು, ನಾವೂ ಏಳೆವು.

ಈ ಹತ್ತು ಹಾಳೆ ಸಿಕ್ಕುವುದು ಬೆಂಗಳೂರಿನಲ್ಲಿ, 1965ರಲ್ಲಿ. ಅವು ಕನ್ನಡದಲ್ಲಿದ್ದವು! ಇಂಡಿಯಾ ಬುಕ್ ಹೌಸ್ ಎಂಬ ಮುಂಬೈಯ ಪುಸ್ತಕ ಸಂಸ್ಥೆಯ ಬೆಂಗಳೂರಿನ ವ್ಯವಹಾರ ನೋಡುತ್ತಿದ್ದ ಜಿ.ಕೆ. ಅನಂತರಾಮ್ ಎಂಬವರು ಪರದೇಶದ ಚಿತ್ರಕತೆಗಳನ್ನು ಕನ್ನಡಕ್ಕೆ ಮಾಡಿಸಿ, ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ ಹೊರತಂದರು. ಸಿಂಡ್ರೆಲಾ, ಅಲ್ಲಾದೀನ್ ಮತ್ತು ಅದ್ಭುತ ದೀಪ, ಪಿನೋಕಿಯೋ ಎಂಬ ಮರದ ಗೊಂಬೆ, ಓಝ್ ದೇಶದ ಮಾಂತ್ರಿಕ, ಹಿಮದಂಥ ಬಿಳುಪಿನ ಹುಡುಗಿ ಮತ್ತು ಏಳು ಮಂದಿ ಕುಳ್ಳರು, ಹೀಗೆ. ಚೆನ್ನಾಗಿ ಮಾರಿದವು. ಅವು ಮಾರಿದ್ದನ್ನು ಕಂಡು ಮುಂಬೈಯ ಹೆಡ್ಡಾಫೀಸಿನಲ್ಲಿ ಮೀರ್‌ಚಂದಾನಿಯವರು ಆ ಯೋಚನೆಯನ್ನು ಗಟ್ಟಿಯಾಗಿ ಹಿಡಿದರು. ಮೊದಲ ಹತ್ತು ನಂಬರು ಕನ್ನಡಕ್ಕೆ ಹೋಗಿತ್ತು, ಅದಕ್ಕೇ ಇಂಗ್ಲಿಷ್ ಪುಸ್ತಕಗಳು ಹನ್ನೊಂದರಿಂದ ಶುರುವಾದವು ಎಂದು ಅನಂತರಾಮ್ ಅವರೇ ಹೇಳಿದ್ದಾರೆ.

ನಮಗೆಲ್ಲ ಹೆಚ್ಚು ಗೊತ್ತಿರುವ ಕತೆ ಬೇರೆ. ಅದು ಅನಂತ ಪೈ ಅವರದು. 1967ರಲ್ಲಿ ದಿಲ್ಲಿಯ ಟಿವಿಯಲ್ಲಿ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ದೇವತೆಗಳ ಪ್ರಶ್ನೆಗೆ ಪಟಪಟನೆ ಉತ್ತರ ಹೇಳಿದ ನಮ್ಮ ಮಕ್ಕಳಿಗೆ ರಾಮನ ತಾಯಿ ಯಾರು ಎಂಬುದು ಹೊಳೆಯಲಿಲ್ಲ. ಪೈಯವರಿಗೆ ಕೆಟ್ಟೆನಿಸಿತು. ಅಲ್ಲಿಂದ ಮುಂದೆ ಆ ಮಾಲೆಗೆ ರಾಮ, ಕೃಷ್ಣ, ಸಾವಿತ್ರಿ, ಶಿವಾಜಿ ಎಲ್ಲ ಬಂದರು. ಅವರೂ ಕನ್ನಡ ನಾಡಿನವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎರಡು ವರ್ಷದವರಿದ್ದಾಗಲೇ ತಂದೆ-ತಾಯಿಯನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿಗೆ ಮುಂಬೈ ಸೇರಿದವರು. ದೇಶದ ಮಕ್ಕಳೆಲ್ಲ ಅವರನ್ನು 'ಅಂಕಲ್ ಪೈ' ಎಂದರು. ಅದೆಲ್ಲ ಸರಿಯೇ. ಆದರೆ ಲೆಜರಿನ ಮೊದಲ ನಮೂದು ಬೆಂಗಳೂರಿನದು. ಅದನ್ನು ಯಾರೂ ಓದಿ ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ.

ಆ ಪರದೇಶದ ಚಿತ್ರಕತೆಗಳಾದರೂ ಎಲ್ಲಿಂದ ಬಂದವು? ಅಮೆರಿಕದಲ್ಲಿ ಆಲ್ಬರ್ಟ್ ಕ್ಯಾಂಟರ್ ಎಂಬ ಒಬ್ಬರಿದ್ದರು. ರಷ್ಯಾದಿಂದ ವಲಸೆ ಬಂದ ಕುಟುಂಬದವರು, ಪುಸ್ತಕ ಮಾರುವ ಕೆಲಸ. ಆಗ ಮಕ್ಕಳ ಕೈಯಲ್ಲೆಲ್ಲ ಸೂಪರ್‌ಮ್ಯಾನ್ ಬಂದು ಕುಳಿತಿದ್ದ. ದಪ್ಪ ಪುಸ್ತಕ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮಕ್ಕಳಿಗೆ ಬೇಕಾದ ಅಂಗಿ ತೊಡಿಸಿಯೇ ದೊಡ್ಡ ಸಾಹಿತ್ಯವನ್ನು ಕೊಟ್ಟರೆ ಹೇಗೆ ಎಂದು ಕ್ಯಾಂಟರ್ ಯೋಚಿಸಿದರು. 1941ರ ಅಕ್ಟೋಬರಿನಲ್ಲಿ ಮೊದಲ ಪುಸ್ತಕ ಬಂತು: ಅಲೆಕ್ಸಾಂಡರ್ ದ್ಯೂಮಾ ಬರೆದ 'ಮೂವರು ಮಸ್ಕೆಟೀರರು'. ಆಮೇಲೆ 'ಐವನ್‌ಹೋ', 'ಮಾಂಟೆ ಕ್ರಿಸ್ಟೋ ಕೌಂಟ್', 'ಮೋಬಿ ಡಿಕ್'. ಹತ್ತನೆಯದು 'ರಾಬಿನ್‌ಸನ್ ಕ್ರೂಸೋ'. 1947ರಿಂದ ಆ ಮಾಲೆಗೆ 'ಕ್ಲಾಸಿಕ್ಸ್ ಇಲಸ್ಟ್ರೇಟೆಡ್' ಎಂದು ಹೆಸರಾಯಿತು. ಒಟ್ಟು 169 ಪುಸ್ತಕ. ಸಣ್ಣ ಮಕ್ಕಳಿಗೆಂದು 1953ರಲ್ಲಿ ಇನ್ನೊಂದು ಕಿರಿಯರ ಮಾಲೆ ಹುಟ್ಟಿತು. ನಮ್ಮ ಕನ್ನಡದ ಹತ್ತರಲ್ಲಿ ಬಂದ ಕತೆಗಳು ಆ ಮಾಲೆಯಲ್ಲೂ ಇದ್ದವು. (ಆ ಮಾಲೆ ಶುರುವಾದದ್ದು 501ನೆಯ ನಂಬರಿನಿಂದ. ಈ ಚಿತ್ರಕತೆಯವರಿಗೂ ಒಂದನೆಯ ನಂಬರಿಗೂ ಏನೋ ವೈರ ಎಂದು ಕಾಣುತ್ತದೆ.)

ದ್ಯೂಮಾನ ಮಸ್ಕೆಟೀರರ ಕಾದಂಬರಿಯಲ್ಲಿ 67 ಅಧ್ಯಾಯಗಳಿವೆ. 1844ರಲ್ಲಿ ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ತಿಂಗಳುಗಟ್ಟಲೆ ಧಾರಾವಾಹಿಯಾಗಿ ಬಂದದ್ದು ಅದು. ಕ್ಯಾಂಟರ್ ಅವರ ಪುಸ್ತಕಗಳಿಗೆ ಮೊದಮೊದಲು ಇದ್ದದ್ದು 64 ಪುಟ. ಅಂದರೆ ಒಂದು ಪುಟಕ್ಕೆ ಒಂದು ಅಧ್ಯಾಯಕ್ಕಿಂತ ತುಸು ಹೆಚ್ಚೇ ತುರುಕಬೇಕು. ಬರಬರುತ್ತ ಪುಟ 48ಕ್ಕೆ ಇಳಿಯಿತು. ನಮ್ಮ ಅಮರ ಚಿತ್ರ ಕಥೆಗೆ ಇನ್ನೂ ಕಡಿಮೆ, 32 ಪುಟ. ಹತ್ತು ಮಂದಿ ಹೊರುವ ಗಂಟನ್ನು ಒಂದು ಕೈಚೀಲಕ್ಕೆ ಹಾಕು ಎಂದ ಹಾಗೆ ಇದು. ಏನು ಹಾಕಬೇಕು, ಏನು ಬಿಡಬೇಕು?

ಈ ಪ್ರಶ್ನೆಗಾಗಿ ದೊಡ್ಡವರು ಬಹಳ ಜಗಳಾಡಿದ್ದಾರೆ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕತೆಗಳಿಂದ ಮಕ್ಕಳು ಕೆಡುತ್ತಾರೆ ಎಂದು ಒಂದು ಪುಸ್ತಕವನ್ನೇ ಬರೆದರು. ಕ್ಯಾಂಟರ್ ಅವರ ಸಭ್ಯ ಪುಸ್ತಕಗಳನ್ನೂ ಬಿಡಲಿಲ್ಲ. ಶಾಲೆಯ ಹುಡುಗರೂ ಕಮ್ಮಿ ಇರಲಿಲ್ಲ, ಮೂಲ ಓದದೆ ಚಿತ್ರಕತೆ ನೋಡಿಕೊಂಡು ಪುಸ್ತಕದ ಮೇಲೆ ಪ್ರಬಂಧ ಬರೆದುಕೊಟ್ಟರು. ಕ್ಯಾಂಟರ್ ಮಾತ್ರ ಪುಸ್ತಕದ ಕೊನೆಯಲ್ಲಿ, ಇದನ್ನು ಓದಿದಿರಲ್ಲ, ಇನ್ನು ಲೈಬ್ರರಿಗೆ ಹೋಗಿ ಮೂಲವನ್ನೂ ಓದಿ ಎಂಬ ಅರ್ಥದ ಸೂಚನೆ ಅಚ್ಚು ಹಾಕಿಸುತ್ತಿದ್ದರು. ತನ್ನ ಅಂಗಡಿಯ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ನಾನು ದುರ್ಗದ ಬೈಲಿನಲ್ಲಿ ಇದುವರೆಗೆ ಕಂಡಿಲ್ಲ.

ಆ ಮಸ್ಕೆಟೀರರ ಚಿತ್ರಕತೆ ನನ್ನ ಕೈಗೆ ಬಂದದ್ದು ಹೈಸ್ಕೂಲಿನ ದಿನಗಳಲ್ಲಿ, ದಿನಕ್ಕೆ ಐದು ಪೈಸೆಯ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಗೂಡಂಗಡಿಯಿಂದ. ರಟ್ಟು ಹರಿದಿತ್ತು, ಮೊದಲ ನಾಲ್ಕು ಹಾಳೆ ಇರಲಿಲ್ಲ. ನಮ್ಮ ಇಂಗ್ಲಿಷ್ ಎಂದರೆ ಎಂಟನೇ ಇಯತ್ತೆಯ ಇಂಗ್ಲಿಷ್. ಬಲೂನಿನೊಳಗಿನ ಮಾತು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ನಾನೂ ನನ್ನ ತಮ್ಮನೂ ಕಟ್ಟಿಕೊಂಡ ಕತೆ ಬೇರೆ ಬೇರೆಯಾಗಿತ್ತು. ಬಾಡಿಗೆಯ ಐದು ಪೈಸೆಗೆ ಎರಡು ಕತೆ. ನಷ್ಟವೇನೂ ಆಗಲಿಲ್ಲ.

ಈಗ ನಮ್ಮ ಮನೆಯ ಹೊಸ ಗಿರಾಕಿ ನನ್ನ ಮಗಳ ಮಗ. ಐದನೇ ಇಯತ್ತೆ, ಇಂಗ್ಲಿಷ್ ಮಾಧ್ಯಮ. ಕನ್ನಡ ಮಾತು ಅರಳು ಹುರಿದಂತೆ ಬರುತ್ತದೆ, ಓದಲು ಕೂತರೆ ಚಕ್ಕಡಿ ಏರು ಹತ್ತಿದ ಹಾಗೆ. ಬೇಸಿಗೆ ರಜೆಯಲ್ಲಿ ಅವನ ಕೈಯಲ್ಲಿ 'ಟ್ರೆಷರ್ ಐಲ್ಯಾಂಡ್' ಚಿತ್ರಕತೆ ಇತ್ತು. ಅರ್ಧ ತಾಸಿನಲ್ಲಿ ಮುಗಿಸಿ ಬದಿಗಿಟ್ಟ.

"ಹೆಂಗಿತ್ತೊ?" ಅಂದೆ.

"ಚೊಲೋ ಐತಿ ಅಜ್ಜಾ. ಆದ್ರ ಅಂಜಿಕಿ ಏನೂ ಬರಲಿಲ್ಲ."

ನಾನು ಆ ಪುಸ್ತಕ ತೆಗೆದು ನೋಡಿದೆ. ಸಮುದ್ರ ಬಲು ಚೆಂದ. ಹಡಗು ಇನ್ನೂ ಚೆಂದ. ಹಾಯಿ, ಲಂಗರು, ಚುಕ್ಕಾಣಿ, ಹಗ್ಗದ ಏಣಿ, ಎಲ್ಲ ಕಣ್ಣಿಗೆ ಕಟ್ಟುವ ಹಾಗಿತ್ತು. ಉಣಕಲ್ ಕೆರೆಗಿಂತ ದೊಡ್ಡ ನೀರು ನೋಡದ ಹುಡುಗನಿಗೆ ಇದು ದೊಡ್ಡ ಉಪಕಾರ. ಮೂಲ ಪುಸ್ತಕದಲ್ಲಿ ಹಡಗಿನ ಶಬ್ದಗಳು ಬಂದಾಗಲೆಲ್ಲ ನಾವು ಕಣ್ಣು ಮುಚ್ಚಿಕೊಂಡು ದಾಟಿದವರು. ಇವನಿಗೆ ಆ ಕಷ್ಟ ಇಲ್ಲ. ಆದರೆ ಒಂದು ಜಾಗದಲ್ಲಿ ಪುಸ್ತಕ ಮಾಡಿದವರ ಕತ್ತರಿ ಎಲ್ಲಿ ಬೀಳಬಾರದೋ ಅಲ್ಲೇ ಬಿದ್ದಿತ್ತು. ಅದು ಹಣ ಎಣಿಸುವ ಜಾಗ. ನಲವತ್ತು ವರ್ಷ ಹಣ ಎಣಿಸಿದವನು ನಾನು, ಇದನ್ನು ಬಿಡಲು ಮನಸ್ಸಾಗುವುದಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕತೆ ಗೊತ್ತಿಲ್ಲದವರಿಗಾಗಿ: ಸಮುದ್ರದ ದಂಡೆಯಲ್ಲಿ ಒಂದು ಖಾನಾವಳಿ. ನಡೆಸುವವರು ಜಿಮ್ ಎಂಬ ಹುಡುಗನ ತಂದೆ-ತಾಯಿ. ಅಲ್ಲಿಗೆ ಒಬ್ಬ ಮುದಿ ಕಡಲುಗಳ್ಳ ಬಂದು ತಿಂಗಳುಗಟ್ಟಲೆ ಉಂಡು, ಕುಡಿದು, ಬಾಕಿ ಕೊಡದೆ ಒಂದು ದಿನ ಸತ್ತುಬೀಳುತ್ತಾನೆ. ಅಷ್ಟರಲ್ಲಿ ಜಿಮ್‌ನ ತಂದೆಯೂ ತೀರಿಕೊಂಡಿರುತ್ತಾನೆ. ಸತ್ತವನ ಪೆಟ್ಟಿಗೆಯೊಂದು ಮಹಡಿಯ ಮೇಲಿದೆ. ಅದಕ್ಕಾಗಿ ಕಳ್ಳರ ತಂಡ ಇವತ್ತು ರಾತ್ರಿ ಬರುತ್ತದೆ ಎಂಬುದು ತಾಯಿ-ಮಗನಿಗೆ ಗೊತ್ತು. ಊರವರು ಯಾರೂ ಜೊತೆಗೆ ಬರಲು ಒಪ್ಪುವುದಿಲ್ಲ. ಇಬ್ಬರೇ ಹೋಗಿ ಪೆಟ್ಟಿಗೆ ತೆಗೆಯುತ್ತಾರೆ. ಒಳಗೆ ಉಡದೆ ಇಟ್ಟ ಒಳ್ಳೆಯ ಬಟ್ಟೆ, ಪಿಸ್ತೂಲು, ಹಳೆಯ ಗಡಿಯಾರ, ತಂಬಾಕು, ಕಪ್ಪೆಚಿಪ್ಪು. ತಳದಲ್ಲಿ ಒಂದು ಚೀಲ ಚಿನ್ನದ ನಾಣ್ಯ ಮತ್ತು ಮೇಣಬಟ್ಟೆಯಲ್ಲಿ ಸುತ್ತಿದ ಒಂದು ಕಾಗದದ ಕಟ್ಟು.

ನೀವಾಗಿದ್ದರೆ ಚೀಲ ಎತ್ತಿಕೊಂಡು ಓಡುತ್ತಿದ್ದಿರಿ. ಜಿಮ್‌ನ ತಾಯಿ ಓಡುವುದಿಲ್ಲ. ಕುಳಿತು ಎಣಿಸುತ್ತಾಳೆ! ತನಗೆ ಬರಬೇಕಾದ ಬಾಕಿ ಎಷ್ಟೋ ಅಷ್ಟೇ ಬೇಕು ಆಕೆಗೆ. ಚೀಲದಲ್ಲಿ ಇರುವುದೋ ನಾಲ್ಕು ದೇಶದ ನಾಣ್ಯ, ಸ್ಪೇನಿನದು, ಫ್ರಾನ್ಸಿನದು, ಇನ್ನೂ ಎಲ್ಲೆಲ್ಲಿಯದೋ. ಆಕೆಗೆ ಲೆಕ್ಕ ಹಾಕಲು ಬರುವುದು ಇಂಗ್ಲೆಂಡಿನ ಗಿನ್ನಿಯಲ್ಲಿ ಮಾತ್ರ, ಗಿನ್ನಿಗಳೋ ಅದರಲ್ಲಿ ಬಹಳ ಕಡಿಮೆ. ಒಂದೊಂದೇ ಹೆಕ್ಕಬೇಕು. ಹೊರಗೆ ಕತ್ತಲೆ. ಆಗ ರಸ್ತೆಯಲ್ಲಿ ಕುರುಡ ಕಳ್ಳನ ಕೋಲಿನ ಸಪ್ಪಳ. ಬಾಗಿಲ ತನಕ ಬಂದು, ಚಿಲಕ ಅಲುಗಾಡಿಸಿ, ಮತ್ತೆ ದೂರ ಹೋಗುತ್ತದೆ. ಆಕೆ ಇನ್ನೂ ಎಣಿಸುತ್ತಲೇ ಇದ್ದಾಳೆ. ಮುಂದೆ ಸೀಟಿಯ ಸದ್ದು ಕೇಳಿದಾಗ ಎಣಿಸಿದ್ದಷ್ಟನ್ನೇ ಹಿಡಿದು ಏಳುತ್ತಾಳೆ. ಲೆಕ್ಕ ಸರಿಹೋಗಲಿ ಎಂದು ಜಿಮ್ ಆ ಕಾಗದದ ಕಟ್ಟನ್ನು ಎತ್ತಿಕೊಳ್ಳುತ್ತಾನೆ. ಅದರೊಳಗೇ ಇರುವುದು ನಿಧಿಯ ನಕಾಶೆ. ಅಂದರೆ ಇಡೀ ಕಾದಂಬರಿ ನಡೆಯುವುದು ಬಾಕಿಯ ಲೆಕ್ಕ ತಾಳೆಯಾಗದ್ದರಿಂದ!

ಚಿತ್ರಕತೆಯಲ್ಲಿ ಇಷ್ಟೂ ಒಂದೇ ಚೌಕದಲ್ಲಿ ಮುಗಿದಿತ್ತು. ತಾಯಿಯ ಕೈಯಲ್ಲಿ ಚೀಲ, ಮಗನ ಕೈಯಲ್ಲಿ ನಕಾಶೆ, ಹೊರಗೆ ಕಳ್ಳರು. ಅಂಜಿಕೆ ಎಲ್ಲಿಂದ ಬರಬೇಕು? ಅಂಜಿಕೆ ಇರುವುದು ಕಳ್ಳರಲ್ಲಲ್ಲ, ಆ ತಡದಲ್ಲಿ. ಚಿತ್ರ ಒಂದು ಕ್ಷಣವನ್ನು ತೋರಿಸುತ್ತದೆ. ಹತ್ತು ನಿಮಿಷ ತಡೆದು ನಿಲ್ಲಿಸಲು ಅದಕ್ಕೆ ಹತ್ತು ಚೌಕ ಬೇಕು, ಹತ್ತು ಚೌಕಕ್ಕೆ ಎರಡು ಪುಟ ಬೇಕು, ಎರಡು ಪುಟ ಅವರಲ್ಲಿಲ್ಲ.

ನನ್ನ ಹತ್ತಿರ ಸಮಯ ಬೇಕಾದಷ್ಟಿದೆ. ಅವತ್ತು ರಾತ್ರಿ ಕರೆಂಟ್ ಹೋದಾಗ ಹಳೆಯ ನಾಣ್ಯದ ಡಬ್ಬಿ ತಂದು ಜಮಖಾನೆಯ ಮೇಲೆ ಸುರುವಿದೆ. ತೂತಿನ ದುಡ್ಡು, ಒಂದಾಣೆ, ಎರಡಾಣೆ, ನಯಾ ಪೈಸೆ, ಎಲ್ಲ ಕಲಬೆರಕೆ. "ಬರೇ ಒಂದಾಣಿ ಅಷ್ಟ ಆರಿಸಿ ಎಣಸು, ಮೂವತ್ತು ಆಗಬೇಕು," ಅಂದೆ. ಅವನು ಮೇಣಬತ್ತಿಯ ಬೆಳಕಿನಲ್ಲಿ ಆರಿಸತೊಡಗಿದ. ನಾನು ಕತೆಯನ್ನು ನಮ್ಮ ಮಾತಿನಲ್ಲೇ ಹೇಳುತ್ತ, ನಡುನಡುವೆ ಊರುಗೋಲಿನಿಂದ ನೆಲ ಕುಟ್ಟಿದೆ. ಹದಿನೇಳಕ್ಕೆ ಬಂದಾಗ ಅವನ ಕೈ ನಿಂತಿತು.

"ಅಜ್ಜಾ, ಅಕಿ ಯಾಕ ಎಣಿಸಾಕ ಕುಂತ್ಲು? ಎಲ್ಲಾ ತಗೊಂಡು ಓಡಿ ಹೋಗಬೇಕಿತ್ತಲ್ಲ!"

"ಹೆರವರ ರೊಕ್ಕ ಹೆಂಗ ಒಯ್ಯೂದೊ? ಬಾಕಿ ಇದ್ದಷ್ಟ ಅಕಿದು."

"ಅವ್ರು ಕಳ್ಳರಲಾ?"

"ಅವ್ರು ಕಳ್ಳರು. ಅಕಿ ಅಲ್ಲಲ್ಲ."

ಸುಮ್ಮನೆ ಕೂತ. ಆಮೇಲೆ, ಎಷ್ಟರ ತನಕ ಎಣಿಸಿದ್ದೆ ಎಂಬುದು ಮರೆತು ಮೊದಲಿನಿಂದ ಎಣಿಸತೊಡಗಿದ. ಅಡಿಗೆಮನೆಯಿಂದ ಅವರ ಅಜ್ಜಿ, "ಸಾಕು ಮಾಡ್ರಿ, ಹುಡುಗ ರಾತ್ರಿ ಅಂಜತಾನ," ಎಂದಳು. ಅಂಜಲಿ ಎಂದೇ ಅಲ್ಲವೇ ಇಷ್ಟು ಖಟಪಟಿ.

ಈ ಕಾದಂಬರಿ ಹುಟ್ಟಿದ್ದೂ ಒಂದು ಮನೆಯೊಳಗೆ, ಹೀಗೇ ಮಳೆಯಿಂದ ಹೊರಗೆ ಹೋಗಲಾಗದ ದಿನಗಳಲ್ಲಿ. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮರ್ ಎಂಬ ಊರಿನಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ತನ್ನ ಹೆಂಡತಿಯ ಮೊದಲ ಮದುವೆಯ ಮಗನೊಂದಿಗೆ ಚಿತ್ರ ಬರೆಯುತ್ತ ಕೂತಿದ್ದ. ಆಗ ಒಂದು ದ್ವೀಪದ ನಕಾಶೆ ಬರೆದು ಬಣ್ಣ ತುಂಬಿದ. ಆ ನಕಾಶೆಯಿಂದ ಕತೆ ಬಂತು. ಅಂದರೆ ಈ ಪುಸ್ತಕಕ್ಕೆ ಚಿತ್ರವೇ ತಾಯಿ! ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದ. ಕೇಳುತ್ತ ಕೂತವರಲ್ಲಿ ಹುಡುಗನಿಗಿಂತ ಹೆಚ್ಚು ಹುರುಪು ಇದ್ದದ್ದು ಸ್ಟೀವನ್‌ಸನ್‌ನ ಅಪ್ಪನಿಗೆ, ಅಂದರೆ ಮನೆಯ ಅಜ್ಜನಿಗೆ. ದೀಪಸ್ತಂಭ ಕಟ್ಟುವ ಎಂಜಿನಿಯರ್ ಅವರು. ಆ ಕಡಲುಗಳ್ಳನ ಪೆಟ್ಟಿಗೆಯಲ್ಲಿ ಏನೇನು ಇರಬೇಕು ಎಂಬ ಯಾದಿಯನ್ನು ಕೂತು ಬರೆದುಕೊಟ್ಟವರು ಅವರೇ. ಮುಂದೆ ಪುಸ್ತಕ ಅಚ್ಚಾಗುವಾಗ ಮೂಲ ನಕಾಶೆ ಕಳೆದುಹೋಗಿ ಇನ್ನೊಂದು ಬರೆಯಬೇಕಾಯಿತು. ಆಗ ಅದರ ಮೇಲೆ ಕಡಲುಗಳ್ಳ ಫ್ಲಿಂಟ್‌ನ ಸಹಿಯನ್ನು ಖೋಟಾ ಮಾಡಿದವರೂ ಅವರೇ. ಬ್ಯಾಂಕಿನವನಾದ ನಾನು ಖೋಟಾ ಸಹಿಯನ್ನು ಮೆಚ್ಚಿದ್ದು ಜೀವನದಲ್ಲಿ ಇದೊಂದೇ.

ಇನ್ನೊಂದು ಸಂಗತಿ ಈ ಪತ್ರಿಕೆಯ ಓದುಗರಿಗೆ ಹಿಡಿಸಬೇಕು. 'ಟ್ರೆಷರ್ ಐಲ್ಯಾಂಡ್' ಮೊದಲು ಬಂದದ್ದು ಮಕ್ಕಳ ಒಂದು ವಾರಪತ್ರಿಕೆಯಲ್ಲಿ, 1881ರ ಅಕ್ಟೋಬರಿನಿಂದ. ಅದೇ ವರ್ಷ ಜುಲೈಯಲ್ಲಿ ಇಟಲಿಯ ಮಕ್ಕಳ ವಾರಪತ್ರಿಕೆಯೊಂದರಲ್ಲಿ ಕಾರ್ಲೋ ಕೊಲ್ಲೋಡಿಯ 'ಪಿನೋಕಿಯೋ' ಶುರುವಾಗಿತ್ತು. ನಮ್ಮ ಕನ್ನಡದ ಹತ್ತರಲ್ಲಿ ಬಂದ ಅದೇ ಮರದ ಗೊಂಬೆ. ಕೊಲ್ಲೋಡಿ ಹದಿನೈದನೆಯ ಅಧ್ಯಾಯದಲ್ಲಿ ಗೊಂಬೆಯನ್ನು ಮರಕ್ಕೆ ನೇತುಹಾಕಿ ಕತೆ ಮುಗಿಸಿಬಿಟ್ಟಿದ್ದ. ಓದುಗ ಮಕ್ಕಳು ಬಿಡಲಿಲ್ಲ. ಗೊಂಬೆಯನ್ನು ಕೆಳಗಿಳಿಸಿ ಕತೆ ಮುಂದುವರಿಸಬೇಕಾಯಿತು. ಎರಡೂ ಪುಸ್ತಕವಾಗಿ ಬಂದದ್ದು 1883ರಲ್ಲಿ.

ದೊಡ್ಡ ಕತೆಯನ್ನು ಸಣ್ಣದು ಮಾಡುವುದು, ಚಿತ್ರದಲ್ಲಿ ಹೇಳುವುದು ಅಮೆರಿಕದವರ ಶೋಧವೇನಲ್ಲ. ಪಟ್ಟದಕಲ್ಲಿಗೆ ಶಾಲೆಯ ಪ್ರವಾಸ ಹೋದವರು ವಿರೂಪಾಕ್ಷ ಗುಡಿಯ ಕಂಬಗಳನ್ನು ನೋಡಿರಬಹುದು. ಎಂಟನೆಯ ಶತಮಾನದವು. ರಾಮಾಯಣ, ಮಹಾಭಾರತದ ಪ್ರಸಂಗಗಳು ಪಟ್ಟಿಪಟ್ಟಿಯಾಗಿ ಕೊರೆದಿವೆ. ಬಲೂನು ಒಂದಿಲ್ಲ, ಅಷ್ಟೆ. ನಮ್ಮ ಕಡೆಯ ಕಿಳ್ಳೇಕ್ಯಾತರು ಪರದೆಯ ಹಿಂದೆ ದೀಪ ಇಟ್ಟು ತೊಗಲು ಗೊಂಬೆ ಕುಣಿಸುವಾಗ ಚಿತ್ರವೂ ಉಂಟು, ಮಾತೂ ಉಂಟು, ತಡವೂ ಉಂಟು. ಬೇಕೆಂದರೆ ಒಂದು ಗದೆ ಎತ್ತಲು ಅರ್ಧ ತಾಸು ಹಿಡಿಸುತ್ತಾರೆ. ಇನ್ನು ಗದುಗಿನ ಕುಮಾರವ್ಯಾಸ ಭಾರತದ ಹದಿನೆಂಟು ಪರ್ವಗಳಲ್ಲಿ ಹೇಳಿದ್ದು ಹತ್ತೇ. (ಇಲ್ಲೂ ಹತ್ತು!) ಬಿಟ್ಟದ್ದಕ್ಕಾಗಿ ಅವನನ್ನು ಯಾರೂ ಬೈಯಲಿಲ್ಲ, ಯಾಕೆಂದರೆ ಹೇಳಿದ್ದನ್ನು ಆತುರದಿಂದ ಹೇಳಲಿಲ್ಲ.

ಸಾಹಸದ ಕಾದಂಬರಿಯ ಮಟ್ಟಿಗೆ ನಮ್ಮ ಧಾರವಾಡ ಸೀಮೆಗೆ ಒಬ್ಬ ಹಿರಿಯರಿದ್ದಾರೆ: ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಹುಟ್ಟಿ ಶಾಲಾ ಮಾಸ್ತರರಾದವರು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಕತೆಗಳನ್ನು ಬರೆದರು. ಕೋಟೆ, ಕುದುರೆ, ಗುಪ್ತಚರರು, ಮೋಸ, ಶೌರ್ಯ, ದ್ಯೂಮಾನಲ್ಲಿ ಇರುವುದೆಲ್ಲ ಇವರಲ್ಲೂ ಇದೆ. ನನ್ನ ಅಜ್ಜಿ ಅಕ್ಷರ ಕಲಿತದ್ದೇ ಗಳಗನಾಥರ ಕಾದಂಬರಿ ಓದಬೇಕೆಂದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಮತ್ತೆ ಆ ಪುಸ್ತಕಗಳು ಓದುಗರಿಗೆ ತಲುಪಿದ್ದು ಹೇಗೆ? ಅವರೇ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ನಡೆದು ಮಾರಿದರು.

ಇಲ್ಲಿ ನನಗೆ ಒಂದು ಹೋಲಿಕೆ ಕಾಣುತ್ತದೆ. ಕ್ಯಾಂಟರ್ ಪುಸ್ತಕ ಮಾರುವವರು. ಅನಂತರಾಮ್ ಪುಸ್ತಕ ಮಾರುವವರು. ಗಳಗನಾಥರು ಬರೆದು, ತಾವೇ ಹೊತ್ತು ಮಾರಿದವರು. ಮೂವರೂ ಓದುಗನ ಮುಖವನ್ನು ಎದುರಿಗೆ ನೋಡಿದವರು. ಯಾವ ಪುಸ್ತಕಕ್ಕೆ ಕೈ ಮುಂದೆ ಬರುತ್ತದೆ, ಯಾವುದಕ್ಕೆ ಹಿಂದೆ ಸರಿಯುತ್ತದೆ ಎಂಬುದು ಕೌಂಟರಿನ ಈಚೆ ಕೂತವನಿಗೆ ತಿಳಿಯುವಷ್ಟು ಒಳಗೆ ಕೋಣೆಯಲ್ಲಿ ಕೂತ ಸಾಹೇಬರಿಗೆ ತಿಳಿಯುವುದಿಲ್ಲ. ಮಕ್ಕಳು ಕನ್ನಡ ಓದುವುದಿಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡುವವರು ಒಂದು ದಿನ ಪುಸ್ತಕದ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂತರೆ ಒಳ್ಳೆಯದು. ಹತ್ತು ವರ್ಷದ ಹುಡುಗಿ ದಪ್ಪ ಕನ್ನಡ ಪುಸ್ತಕವನ್ನು ತೆಗೆದು, ಒಂದು ಪುಟ ನೋಡಿ, ಮೆಲ್ಲಗೆ ವಾಪಸ್ಸು ಇಡುತ್ತಾಳಲ್ಲ, ಅದನ್ನು ನೋಡಬೇಕು. ಅವಳಿಗೆ ಕನ್ನಡ ಬೇಡವೆಂದಲ್ಲ. ಒಂದು ಪುಟದ ತುಂಬ ಅಕ್ಷರ ಕಂಡು ಹೆದರಿಕೆ. ಅದೇ ಕನ್ನಡ ಬಲೂನಿನೊಳಗೆ ನಾಲ್ಕೈದು ಶಬ್ದವಾಗಿ ಬಂದರೆ ಓದುತ್ತಾಳೆ, ಅರ್ಥವಾಗದ ಶಬ್ದಕ್ಕೆ ಪಕ್ಕದಲ್ಲೇ ಚಿತ್ರದ ಆಧಾರವಿದೆ. ಗುಂಪು ಗುಂಪಾಗಿ ಒತ್ತಕ್ಷರ ಬಂದರೆ ಮಾತ್ರ ನನ್ನ ಮೊಮ್ಮಗನಂತೆ ಅಜ್ಜನ ಕಡೆ ನೋಡುತ್ತಾಳೆ. ನೋಡಲಿ, ಅಜ್ಜ ಇರುವುದು ಯಾತಕ್ಕೆ?

ನಾನು ಮಾಡುವುದು ಇಷ್ಟು. ಕನ್ನಡದ ಚಿತ್ರಕತೆ ಸಿಕ್ಕರೆ ಪಾತ್ರ ಹಂಚಿಕೊಂಡು ಓದುತ್ತೇವೆ. ರಾಜನ ಮಾತು ಅವನದು, ಮಂತ್ರಿ, ದೂತ, ಕುದುರೆ ಎಲ್ಲ ನನ್ನದು. ಕುದುರೆಗೆ ಮಾತಿಲ್ಲದಿದ್ದರೂ ಹೇಷಾರವ ಇರುತ್ತದೆ. ಮುಗಿದ ಮೇಲೆ ಒಂದೇ ಪ್ರಶ್ನೆ: ಈ ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಏನಾಯಿತು? ಒಂದು ಚೌಕದಲ್ಲಿ ದೂತ ಹೊರಡುತ್ತಾನೆ, ಮುಂದಿನದರಲ್ಲಿ ಬಂದು ಮುಟ್ಟಿರುತ್ತಾನೆ. ದಾರಿಯಲ್ಲಿ ಎಲ್ಲಿ ಉಂಡ, ಎಲ್ಲಿ ಮಲಗಿದ, ಕುದುರೆಗೆ ನೀರು ಎಲ್ಲಿ ಸಿಕ್ಕಿತು? ಅವನು ಹೇಳುವ ಉತ್ತರ ಕೆಲವು ಸಲ ಪುಸ್ತಕಕ್ಕಿಂತ ಚೆನ್ನಾಗಿರುತ್ತದೆ. ಒಮ್ಮೆ ದೂತನನ್ನು ಹಳೇ ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ತಿನ್ನಿಸಿ ಕಳಿಸಿದ.

ಅಮರ ಚಿತ್ರ ಕಥೆಯಲ್ಲಿ ಕಿತ್ತೂರು ರಾಣಿಯ ಪುಸ್ತಕವೂ ಇದೆ. ಅದನ್ನು ಓದಿಸಿದ ಮೇಲೆ ಮೊಮ್ಮಗನನ್ನು ಕಿತ್ತೂರಿಗೆ ಕರೆದುಕೊಂಡು ಹೋದೆ. ಧಾರವಾಡದಿಂದ ಪುಣೆ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿನಷ್ಟು ದಾರಿ. ಚಿತ್ರದಲ್ಲಿ ಬಣ್ಣದ ಅರಮನೆ, ಇಲ್ಲಿ ಬಿದ್ದ ಗೋಡೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಇಲ್ಲೇ ಎಂದು ತೋರಿಸಿದೆ. (ಆತ ಹೆಸರಾಂತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಕಾಕಾ. ನಮ್ಮ ಊರಿನ ಇತಿಹಾಸಕ್ಕೂ ಅವರ ಸಾಹಿತ್ಯಕ್ಕೂ ಹೀಗೊಂದು ಬೀಗತನ.) ಹುಡುಗ ಗೋಡೆಯ ಮೇಲೆ ಕೈಯಾಡಿಸಿ, "ಅಜ್ಜಾ, ಪುಸ್ತಕದಾಗ ಇದು ಮುರದಿದ್ದಿಲ್ಲ, ಯಾರು ಮುರದ್ರು?" ಎಂದು ಕೇಳಿದ. ಮನೆಗೆ ಬಂದು ಚನ್ನಮ್ಮನ ಕತೆಯ ದೊಡ್ಡ ಪುಸ್ತಕ ತೆಗೆಯಬೇಕಾಯಿತು. ಕನ್ನಡದ್ದು, ಚಿತ್ರವಿಲ್ಲದ್ದು. ದಿನಕ್ಕೆ ಎರಡು ಪುಟದಂತೆ, ಅವನೊಂದು ಪುಟ, ನಾನೊಂದು ಪುಟ. ಬೈಲಹೊಂಗಲದ ಸೆರೆಮನೆಯ ತನಕ ಬಂದಿದ್ದೇವೆ.

ಕೊನೆಗೆ ಅಜ್ಜ-ಅಜ್ಜಿಯಂದಿರಿಗೆ ಒಂದು ಕೆಲಸ. ದೀಪಾವಳಿಗೆ ಮುಂಚೆ ಅಟ್ಟ ಸ್ವಚ್ಛ ಮಾಡಿಸುತ್ತೀರಲ್ಲ, ಹಳೆಯ ಪುಸ್ತಕದ ಗಂಟನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. 1965ರ ಆಸುಪಾಸಿನ ಕನ್ನಡದ ಅಮರ ಚಿತ್ರ ಕಥೆ, ಸಿಂಡ್ರೆಲಾ ಅಥವಾ ಪಿನೋಕಿಯೋ, ಒಂದರಿಂದ ಹತ್ತರೊಳಗಿನ ನಂಬರಿನದು ಏನಾದರೂ ಸಿಕ್ಕರೆ ಪಿನ್ನು ತುಕ್ಕು ಹಿಡಿದಿದ್ದರೂ, ರಟ್ಟು ಹೋಗಿದ್ದರೂ ಕೊಡಬೇಡಿ. ಮೇಲಿನ ಬೆಲೆ ಎಷ್ಟು, ಒಳಗೆ ಮಸಿಯಲ್ಲಿ ಯಾರ ಹೆಸರು ಬರೆದಿದೆ, ಯಾರಿಗೆ ಯಾವ ಹಬ್ಬಕ್ಕೆ ಕೊಡಿಸಿದ್ದು, ಒಂದು ಕಾರ್ಡಿನಲ್ಲಿ ಬರೆದು ಈ ಅಂಕಣಕ್ಕೆ ಕಳಿಸಿ. ಪುಸ್ತಕ ನಿಮ್ಮ ಹತ್ತಿರವೇ ಇರಲಿ. ನಂಬರು ಮಾತ್ರ ನನಗೆ ಬೇಕು. ಒಂದು ಹಾಳೆಯ ಮೇಲೆ ಒಂದರಿಂದ ಹತ್ತರ ತನಕ ಬರೆದು ಗೋಡೆಗೆ ಅಂಟಿಸಿದ್ದೇನೆ. ಸಿಕ್ಕಿದ್ದಕ್ಕೆ ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುವ ಕೆಲಸ ಮೊಮ್ಮಗನದು.